ಸಂತೆಯ ದಿನದ ಒಪ್ಪೊತ್ತು

ಭಾಷಣ ನಾನೇ ಮಾಡಬೇಕೆಂದು ಕೃಷ್ಣಮೋಹನ ಮಾಸ್ಟ್ರು ಹೇಳಿದಾಗ, ಬೇಡವೆನ್ನಲು ನನ್ನ ಹತ್ತಿರ ಕಾರಣಗಳು ಬೇಕಾದಷ್ಟಿದ್ದವು. ಒಂದೂ ಬಾಯಿಗೆ ಬರಲಿಲ್ಲ. ಅವರು ಸಂಜೆ ತರಗತಿಯಲ್ಲಿ ನನಗೆ ನಾಲ್ಕು ವರ್ಷ ಪಾಠ ಹೇಳಿದವರು. ಹಗಲೆಲ್ಲ ಬಸ್ಸುಗಳ ಹಿಂದೆ ಓಡಿ, ಸಂಜೆ ಬೆವರಿನ ಅಂಗಿಯಲ್ಲೇ ಬಂದು ಕೂತು ತೂಕಡಿಸುತ್ತಿದ್ದ ನನ್ನನ್ನು ಎಂಟನೆಯ ತರಗತಿ ದಾಟಿಸಿದವರು. ನನಗೆ ಈಗ ಮೂವತ್ತನಾಲ್ಕು ವರ್ಷ. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮೋಟಾರ್ ಸರ್ವಿಸಿನ ಏಜೆಂಟ್. ಸುಳ್ಯದ ಬಸ್ಸು, ಕಡಬದ ಬಸ್ಸು ಎಂದು ದಿನಕ್ಕೆ ನೂರು ಸಲ ಕೂಗುವ ಗಂಟಲು, ಅವರೆದುರು ನಿಂತರೆ ಮಾತ್ರ ಕಟ್ಟಿಹೋಗುತ್ತದೆ.

"ಶಾಸ್ತ್ರಿಯವರು ಪ್ರಧಾನಿ ಆಗಿ ಒಂದೂವರೆ ವರ್ಷ ಆಯ್ತು. ಎಂತ ಮಾಡಿದ್ರು, ಹೇಗೆ ಮಾಡಿದ್ರು ಅಂತ ಒಬ್ಬ ಸಾಧಾರಣ ಮನುಷ್ಯ ಹೇಳ್ಬೇಕು. ವಕೀಲರು ಹೇಳಿದ್ರೆ ಜನ ನಿದ್ದೆ ಮಾಡ್ತಾರೆ."

"ನಾನು ಹೇಳಿದ್ರೆ ಎದ್ದು ಹೋಗ್ತಾರೆ ಮಾಸ್ಟ್ರೆ."

"ಹೋಗ್ಲಿ. ಕೂತು ಗೊರಕೆ ಹೊಡೆಯುದಕ್ಕಿಂತ ಒಳ್ಳೆದು."

ಇದು ನಡೆದದ್ದು ನವೆಂಬರ್ ಕೊನೆಯಲ್ಲಿ, ಶಾಲೆಯ ಜಗಲಿಯಲ್ಲಿ, ನಮ್ಮ ಸೋಮವಾರ ಸಮಿತಿಯ ಸಭೆ ಮುಗಿದ ಮೇಲೆ. ದೇಶದಲ್ಲಿ ಧಾನ್ಯ ಸಾಲದೆಂದು, ವಾರಕ್ಕೊಮ್ಮೆ, ಸೋಮವಾರ ರಾತ್ರಿಯ ಊಟ ಬಿಡಬೇಕೆಂದು ಪ್ರಧಾನಿ ಕೇಳಿಕೊಂಡಿದ್ದರಲ್ಲ, ಅದನ್ನು ಊರಿನಲ್ಲಿ ನಡೆಸಿಕೊಡಲು ಹುಟ್ಟಿದ ಸಮಿತಿ ಅದು. ಮಾಸ್ಟ್ರು ಅಧ್ಯಕ್ಷರು, ಜವಳಿ ಅಂಗಡಿಯ ಕುಶಾಲಪ್ಪನವರು ಉಪಾಧ್ಯಕ್ಷರು, ನಾನು ಕಾರ್ಯದರ್ಶಿ. ಸೋಮವಾರ ಸಂಜೆ ಹೋಟೆಲುಗಳು ಒಲೆ ಹೊತ್ತಿಸಬಾರದೆಂದು ನಾವು ಎಲ್ಲ ಮಾಲಕರನ್ನೂ ಕಂಡು ಒಪ್ಪಿಸಿದ್ದೆವು.

"ಡಿಸೆಂಬರ್ ಹನ್ನೆರಡು, ಆದಿತ್ಯವಾರ," ಎಂದರು ಮಾಸ್ಟ್ರು. "ಮೊದಲು ನಿನ್ನ ಭಾಷಣ. ಆಮೇಲೆ ನಮ್ಮ ಸೋಮವಾರದ ವರದಿ. ಎಷ್ಟು ಮನೆ, ಎಷ್ಟು ಹೋಟೆಲು, ಎಲ್ಲ."

"ಮತ್ತೆ ಆ ಹೆಸರು," ಎಂದರು ಕುಶಾಲಪ್ಪನವರು.

ಹೆಸರು ಯಾರದೆಂದು ಕೇಳಬೇಕಾಗಿರಲಿಲ್ಲ. ಕಿಲ್ಲೆ ಮೈದಾನದ ಹತ್ತಿರ ಸಮದ್‌ನ ಹೋಟೆಲಿನ ಹಿಂಬದಿಯಿಂದ ಸೋಮವಾರ ಸಂಜೆ ಹೊಗೆ ಏಳುತ್ತದೆಂದು ಎರಡು ವಾರದಿಂದ ಮಾತಿತ್ತು. ಅದು ನಿಜವಾದರೆ ಹೆಸರನ್ನು ಸಭೆಯಲ್ಲಿ ಓದುವುದು, ಬಸ್‌ಸ್ಟ್ಯಾಂಡಿನ ಹಲಗೆಯ ಮೇಲೆ ಬರೆಯುವುದು, ಮಾರ್ಚಿನಲ್ಲಿ ಹೋಟೆಲಿನ ಲೈಸೆನ್ಸು ಹೊಸತು ಮಾಡಬಾರದೆಂದು ಪಂಚಾಯತಿಗೆ ಬರೆದುಕೊಡುವುದು ಎಂದು ಆ ಸಭೆಯಲ್ಲಿ ತೀರ್ಮಾನವಾಗಿತ್ತು. ಡಿಸೆಂಬರ್ ಆರರ ಸೋಮವಾರ ಕಣ್ಣಾರೆ ನೋಡಿ ಬರುವ ಕೆಲಸ ಕಾರ್ಯದರ್ಶಿಗೆ.

ಸಮದ್ ನನ್ನ ಸ್ನೇಹಿತ. ಸಂಜೆ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನ ತಂದೆ ತೀರಿಕೊಂಡು ಹೋಟೆಲು ಅವನ ತಲೆಗೆ ಬಂದಾಗ ಅವನು ಆರನೆಯದಕ್ಕೇ ನಿಲ್ಲಿಸಿದ. ಇದನ್ನು ಸಭೆಯಲ್ಲಿ ಹೇಳಬೇಕಿತ್ತೋ ಏನೋ. ನಾನು ಹೇಳಲಿಲ್ಲ. ಹೇಳಿದರೆ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದಾಗುತ್ತದೆ ಎನಿಸಿತು. ಹೇಳದಿದ್ದರೆ ಮುಚ್ಚಿಟ್ಟಂತಾಗುತ್ತದೆ ಎಂದು ಮನೆಯ ದಾರಿಯಲ್ಲಿ ಹೊಳೆಯಿತು.

*

ಭಾಷಣಕ್ಕೆಂದು ಒಂದು ನಲುವತ್ತು ಪುಟದ ಪುಸ್ತಕ ತಂದೆ. ಬಸ್ಸು ಬರುವ ಮೊದಲಿನ ಬಿಡುವಿನಲ್ಲಿ, ಏಜೆಂಟರ ಗೂಡಿನ ಮೇಜಿನ ಮೇಲೆ ಬರೆಯುವುದು, ಹೊಡೆದು ಹಾಕುವುದು.

ನಾನು ಯಾರು, ದೇಶದ ಪ್ರಧಾನಿಗೆ ಅಂಕ ಕೊಡಲು? ಮೊದಲ ಎರಡು ದಿನ ಇದೇ ಯೋಚನೆಯಲ್ಲಿ ಒಂದು ಸಾಲೂ ಮುಂದೆ ಹೋಗಲಿಲ್ಲ. ಆಮೇಲೆ ಅನಿಸಿತು, ಊಟ ಬಿಡಲು ನನ್ನನ್ನೂ ಕೇಳಿದ್ದಾರಲ್ಲ. ಕೇಳಿಸಿಕೊಂಡವನಿಗೆ ಕೇಳಿದವನನ್ನು ನೋಡುವ ಹಕ್ಕು ಸ್ವಲ್ಪವಾದರೂ ಇರಬೇಕು.

ನಿಜ ಬರೆಯಬೇಕೆಂದರೆ ತಪ್ಪೊಪ್ಪಿಗೆಯಿಂದಲೇ ಸುರುಮಾಡಬೇಕಿತ್ತು. ಅರುವತ್ತನಾಲ್ಕರ ಜೂನಿನಲ್ಲಿ ಅವರ ಚಿತ್ರ ಪತ್ರಿಕೆಯಲ್ಲಿ ಬಂದಾಗ, ಈ ಬಸ್‌ಸ್ಟ್ಯಾಂಡಿನಲ್ಲಿ ನಕ್ಕವರಲ್ಲಿ ನಾನೂ ಒಬ್ಬ. ಅಷ್ಟು ದೊಡ್ಡ ಮನುಷ್ಯ ಕೂತ ಜಾಗಕ್ಕೆ ಇಷ್ಟು ಸಣ್ಣವರಾ ಎಂದು ಯಾರೋ ಹೇಳಿದರು, ನಾನು ತಲೆಯಾಡಿಸಿದೆ. ತಿಂಗಳೊಳಗೆ ಅವರು ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಾಗ, ಇವರಿಂದ ಆಗಲಿಕ್ಕಿಲ್ಲ ಎಂದು ಕಂಡಕ್ಟರುಗಳ ಹತ್ತಿರ ನಾನೇ ಹೇಳಿದ್ದುಂಟು. ಅದನ್ನು ಬರೆದೆ. ಬರೆದ ಮೇಲೆ ಮುಂದಿನದು ಸ್ವಲ್ಪ ಸಲೀಸಾಯಿತು.

ಸೋಮವಾರದ ವಿಷಯಕ್ಕೆ ಬಂದಾಗ ಮಾತ್ರ ಪೆನ್ನು ನಿಂತಿತು. ಇದಕ್ಕೆ ಕಾರಣ ನಮ್ಮ ಮನೆಯ ಒಲೆ.

ಸಮಿತಿಯ ಮೊದಲ ಬಹಿರಂಗ ಸಭೆಯಲ್ಲಿ, ಜನ ಹೆದರದಿರಲಿ ಎಂದು ನಾನೊಂದು ಮಾತು ಹೇಳಿದ್ದೆ. ಇದು ನಮಗೆ ಹೊಸತಲ್ಲ, ನಮ್ಮ ಹೆಂಗಸರು ಹಿಂದಿನಿಂದಲೂ ಮಾಡಿಕೊಂಡು ಬಂದ ಸೋಮವಾರದ ಒಪ್ಪೊತ್ತೇ ಇದು ಎಂದು. ಒಳ್ಳೆ ಚಪ್ಪಾಳೆ ಬಿತ್ತು. ನನ್ನ ಜೀವನದಲ್ಲಿ ಬಿದ್ದ ಮೊದಲ ಚಪ್ಪಾಳೆ. ಊರಿಗೆ ಊರೇ ಆ ಮಾತನ್ನು ಹಿಡಿದುಕೊಂಡಿತು.

ಒಪ್ಪೊತ್ತೆಂದರೆ ದಿನಕ್ಕೆ ಒಂದೇ ಅನ್ನದ ಊಟ. ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಬಿಟ್ಟು ಬೇರೆ ಏನಾದರೂ. ಆ ಏನಾದರೂ ಎಂಬುದು ನಮ್ಮ ಮನೆಯಲ್ಲಿ ನೀರುದೋಸೆ. ನಾಲ್ಕು ಸೋಮವಾರ ಅದನ್ನು ನಾನೂ ತಿಂದೆ, ದೇಶಕ್ಕೆ ಉಪಕಾರ ಮಾಡಿದೆನೆಂದು ಮಲಗಿದೆ. ಐದನೆಯ ಸೋಮವಾರ, ಅಂದರೆ ನವೆಂಬರ್ ಇಪ್ಪತ್ತೊಂಬತ್ತಕ್ಕೆ, ನನ್ನ ಹೆಂಡತಿ ಕುಮುದಿನಿ ಅಕ್ಕಿ ಅಳೆಯುವಾಗ ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದೆ.

"ಅದು ಎಷ್ಟು ಪಾವು?"

"ನಾಲ್ಕೂವರೆ."

"ಅನ್ನ ಮಾಡುವ ದಿನ ಎಷ್ಟು ಹಾಕುದು?"

"ಮೂರು. ಎಂತಕ್ಕೆ? ಅಕ್ಕಿಯ ಪಾವಿಗೂ ನಿಮ್ಮ ಸಮಿತಿ ಟಿಕೇಟು ಕೊಡ್ತದಾ?"

"ಅಲ್ಲ ಕುಮುದಿನಿ, ಅನ್ನ ಬಿಟ್ಟದ್ದು ಅಕ್ಕಿ ಉಳಿಸ್ಲಿಕ್ಕೆ. ದೋಸೆಗೆ ಅಕ್ಕಿ ಜಾಸ್ತಿ ಹೋಗ್ತದೆ. ಅದೂ ಕುಚ್ಚಲಲ್ಲ, ಬೆಳ್ತಿಗೆ ಅಕ್ಕಿ."

"ಒಪ್ಪೊತ್ತು ಅಂತ ಹೇಳಿದ್ದು ಯಾರು? ನಾನಾ?"

ಒಳಗಿನಿಂದ ಅಮ್ಮ ದುಗ್ಗಮ್ಮ ಸೊಸೆಯ ಪಕ್ಷಕ್ಕೆ ಬಂದರು. "ಐವತ್ತು ವರ್ಷದಿಂದ ಒಪ್ಪೊತ್ತು ಮಾಡಿದವಳು ನಾನು. ದೋಸೆ ಅನ್ನ ಅಲ್ಲ ಮಗಾ. ಅನ್ನ ಮುಟ್ಟಿದ್ರೆ ವ್ರತ ಭಂಗ, ದೋಸೆಗೆ ಎಂತ ಆಗುದಿಲ್ಲ. ಇಷ್ಟು ಓದಿದ್ದೀ, ಇದು ಗೊತ್ತಿಲ್ವಾ?"

"ಅಮ್ಮಾ, ಇದು ದೇವರ ವ್ರತ ಅಲ್ಲ, ದಿಲ್ಲಿಯದ್ದು."

"ಎಲ್ಲಿಯದ್ದಾದ್ರೂ ರಾತ್ರಿ ಬರಿ ಹೊಟ್ಟೆಯಲ್ಲಿ ಮಲಗಿದ್ರೆ ವಾಯು ಆಗ್ತದೆ."

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. ಡ್ರೈವರ್ ಜತ್ತಪ್ಪನ ಮನೆಯಲ್ಲಿ ದೋಸೆ. ಕಬಕದಿಂದ ಬರುವ ಕಂಡಕ್ಟರನ ಮನೆಯಲ್ಲಿ ಸಜ್ಜಿಗೆ, ಅದರ ಜೊತೆಗೆ ಅವಲಕ್ಕಿ. ಕೊಯಿಲದ ಸರಕಾರಿ ದನದ ಫಾರ್ಮಿನಲ್ಲಿ ಕೆಲಸ ಮಾಡುವ ಒಬ್ಬರು, "ನಮ್ಮಲ್ಲಿ ಸೋಮವಾರ ಬರುದನ್ನೇ ಕಾಯುದು ಏಜೆಂಟ್ರೆ, ಮಕ್ಕಳಿಗೆ ಭಾರೀ ಖುಷಿ" ಎಂದರು. ಹದಿನಾರು ಮನೆ ಕೇಳಿದೆ. ರಾತ್ರಿ ಒಲೆ ಹೊತ್ತಿಸದ ಮನೆ ಮೂರು. ನಮ್ಮ ಸಮಿತಿ ಹೆಮ್ಮೆಯಿಂದ ಬರೆದಿಟ್ಟ ಪಟ್ಟಿಯಲ್ಲಿ ಹದಿನಾರೂ ಮನೆಗಳಿದ್ದವು. ಅಕ್ಕಿ ಉಳಿಸಿದ ಮನೆಗಳೆಂದು. ನನ್ನ ಒಂದು ಚಪ್ಪಾಳೆಗೆ ಪುತ್ತೂರಿನಲ್ಲಿ ಸೋಮವಾರಕ್ಕೆ ಎಷ್ಟು ಅಕ್ಕಿ ಹೆಚ್ಚು ಖರ್ಚಾಗಿರಬಹುದೆಂದು ಟಿಕೇಟು ಪುಸ್ತಕದ ಹಿಂದೆ ಲೆಕ್ಕ ಹಾಕಲು ಹೊರಟು, ಅರ್ಧಕ್ಕೇ ನಿಲ್ಲಿಸಿದೆ.

*

ಡಿಸೆಂಬರ್ ಆರು, ಸೋಮವಾರ. ಪುತ್ತೂರಿನ ಸಂತೆಯ ದಿನ. ಸಂಜೆ ಐದೂವರೆಗೆ ಸಮದ್‌ನ ಹೋಟೆಲಿಗೆ ಹೋದೆ. ಮುಂದಿನ ಹಲಗೆಗಳು ಹಾಕಿದ್ದವು. ಓಣಿಯಿಂದ ಸುತ್ತಿ ಹಿಂದೆ ಹೋದರೆ ಒಲೆ ಉರಿಯುತ್ತಿತ್ತು. ದೊಡ್ಡ ಪಾತ್ರೆಯಲ್ಲಿ ಗಂಜಿ. ಹಟ್ಟಿಯ ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಸಾಲಾಗಿ ಕೂತು ಉಣ್ಣುತ್ತಿದ್ದರು. ತಲೆಹೊರೆಯವರು, ಬುಟ್ಟಿ ಮಾರುವವರು, ತರಕಾರಿಯ ಹೆಂಗಸರು.

ಅವರಲ್ಲಿ ಒಬ್ಬರು ನನಗೆ ಗೊತ್ತಿದ್ದ ತಿಮ್ಮಕ್ಕ. ಕೆದಂಬಾಡಿಯಿಂದ ಬಸಳೆ, ತೊಂಡೆಕಾಯಿ ಹೊತ್ತು ತರುವ ಮುದುಕಿ. ಹೊರೆ ತಂದರೂ ಬಸ್ಸಿಗೆ ಹತ್ತುವವರಲ್ಲ, ಹೋಗುವಾಗಲೂ ನಡೆದೇ.

"ಬನ್ನಿ ಏಜೆಂಟ್ರೆ, ಇಲ್ಲಿ ಸೀಟುಂಟು," ಎಂದು ಅವರು ಸ್ವಲ್ಪ ಸರಿದರು. "ಟಿಕೇಟು ಮಾತ್ರ ಕೇಳ್ಬೇಡಿ."

ಎಲ್ಲರೂ ನಕ್ಕರು. ಸಮದ್ ನಗಲಿಲ್ಲ. ಸೌಟು ಕೈಯಲ್ಲೇ ಇತ್ತು.

"ಉಣ್ಲಿಕ್ಕೆ ಬಂದದ್ದಾ, ಬರೀಲಿಕ್ಕೆ ಬಂದದ್ದಾ?"

"ನೋಡ್ಲಿಕ್ಕೆ."

"ನೋಡು. ಗಂಜಿ, ಉಪ್ಪಿನಕಾಯಿ, ಚಟ್ನಿ. ಬರೆದುಕೋ ಮಾರಾಯ. ಎಂಟನೆಯದು ಪಾಸಾದವ ನೀನು, ಒಂದು ಅಕ್ಷರ ತಪ್ಪಲಿಕ್ಕಿಲ್ಲ."

"ಸಮದ್, ನೀನು ಒಪ್ಪಿ ಕೈ ಎತ್ತಿದ್ದಿ. ಆಮೇಲೆ ಹಿಂದಿನ ಬಾಗಿಲಿನಲ್ಲಿ ಹೀಗೆ ಮಾಡಿದ್ರೆ?"

"ಒಪ್ಪಿದ್ದು ಹೌದು. ಎರಡು ಸೋಮವಾರ ಮುಚ್ಚಿದೆ ಕೂಡ. ಎರಡನೇ ಸೋಮವಾರ ಈ ತಿಮ್ಮಕ್ಕ ಬಂದು, ಬಾಗಿಲು ನೋಡಿ, ಮೆಟ್ಟಿಲ ಮೇಲೆ ಕೂತ್ರು. ಏಳ್ಲಿಕ್ಕೆ ಆಗ್ಲಿಲ್ಲ. ಕೇಳು ಅವರನ್ನೇ, ಬೆಳಿಗ್ಗೆಯಿಂದ ಎಂತ ತಿಂದಿದ್ದಾರೆ ಅಂತ."

ನಾನು ಕೇಳಲಿಲ್ಲ. ತಿಮ್ಮಕ್ಕನೇ ಹೇಳಿದರು. "ಕೋಳಿ ಕೂಗುವ ಮೊದಲು ಹೊರಡುದು. ಮಾರಿ ಮುಗಿಯದೆ ಉಣ್ಲಿಕ್ಕೆ ಎದ್ದರೆ ಬಸಳೆ ಬಾಡ್ತದೆ. ಇದೇ ನಮ್ಮ ಊಟ. ನಿಮ್ಮ ಮಂತ್ರಿಗಳು ಮಧ್ಯಾಹ್ನದ್ದು ಬಿಡಿ ಅಂದಿದ್ರೆ ನಾನು ವಾರವಿಡೀ ಬಿಟ್ಟು ಕೊಡ್ತಿದ್ದೆ."

"ನಾನು ಮಂಗಳವಾರ ಸಂಜೆ ಒಲೆ ಹೊತ್ತಿಸುದಿಲ್ಲ," ಎಂದ ಸಮದ್, ಸ್ವರ ತಗ್ಗಿಸಿ. "ಮಂಗಳವಾರ ಬರುವವರು ಊರಿನವರು. ಅವರಿಗೆ ಮನೆ ಉಂಟು, ಮನೆಯಲ್ಲಿ ಪಾತ್ರೆ ಉಂಟು. ಇವರಿಗೆ ಎಂಟು ಮೈಲು ನಡೀಲಿಕ್ಕುಂಟು."

"ಸಮಿತಿಗೆ ಬಂದು ಹೇಳ್ಬಹುದಿತ್ತಲ್ಲ."

"ಹೌದಾ?" ಅವನು ಸೌಟನ್ನು ಪಾತ್ರೆಯೊಳಗೆ ಬಿಟ್ಟ. "ಸೆಪ್ಟೆಂಬರ್‌ನಲ್ಲಿ ಯುದ್ಧ ಆದದ್ದು. ನವೆಂಬರ್‌ನಲ್ಲಿ ನಾನು ಹೋಗಿ, ಪ್ರಧಾನಿ ಹೇಳಿದ ದಿನ ನನಗೆ ಆಗುದಿಲ್ಲ ಅನ್ನುದು. ಕೇಳಿದವರು ಎಂತ ಹೇಳ್ತಾರೆ? ನೀನು ಹೇಳಿದ್ರೆ ಅದು ಒಂದು ಅಭಿಪ್ರಾಯ. ನಾನು ಹೇಳಿದ್ರೆ?"

ಅವನ ತಾಯಿ ಕುಂಞಿಪಾತುಮ್ಮ ಒಳಗಿನ ಹೊಸಿಲಲ್ಲಿ ಕೂತಿದ್ದರು. ಸೋಮವಾರ ಮತ್ತು ಗುರುವಾರ ಹಗಲು ಉಪವಾಸ ಹಿಡಿಯುವುದು ಅವರ ಹಳೆಯ ರೂಢಿ. ಮಸೀದಿಯ ಬಾಂಗ್ ಕೇಳಿದ್ದೇ ಒಂದು ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು, ನನ್ನ ಕಡೆ ತಿರುಗಿದರು.

"ಮೋನೇ, ನನ್ನದು ಹೇಗೆ? ಹಗಲಿಡೀ ಏನೂ ಇಲ್ಲ, ಈಗ ತಿನ್ನುದು. ನಿನ್ನ ಪುಸ್ತಕದಲ್ಲಿ ನಾನು ಬಿಟ್ಟವರಾ, ತಿಂದವರಾ?"

"ಗೊತ್ತಿಲ್ಲ ಉಮ್ಮ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಅವರು ನನಗೂ ಒಂದು ಬಟ್ಟಲು ಗಂಜಿ ಬಡಿಸಲು ಹೇಳಿದರು. ನಾನು ಬೇಡವೆಂದೆ. ಬೇಡವೆಂದದ್ದು ವ್ರತಕ್ಕಾಗಿ. ಆದರೆ ಸಮದ್ ಅದನ್ನು ಬೇರೆ ರೀತಿ ತಿಳಿದುಕೊಂಡನೆಂದು ಅವನ ಮುಖದಲ್ಲಿ ಕಂಡಿತು.

*

ಗುರುವಾರ ಮಾಸ್ಟ್ರ ಮನೆಗೆ ಹೋದೆ. ಕುಶಾಲಪ್ಪನವರೂ ಅಲ್ಲಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹೆಸರನ್ನು ಬಿಡಬಹುದೇ ಎಂದು ಕೇಳಿದೆ.

"ಒಬ್ಬನನ್ನು ಬಿಟ್ರೆ ನಾಳೆ ಹತ್ತು ಜನ ಬರ್ತಾರೆ ಕಾರಣ ಹಿಡಿದುಕೊಂಡು," ಎಂದರು ಮಾಸ್ಟ್ರು. "ನಿಯಮ ಅಂದ್ರೆ ಎಲ್ಲರಿಗೂ ಒಂದೇ. ಸೈನಿಕರು ಗಡಿಯಲ್ಲಿ ಕಾರಣ ಹೇಳಿದ್ರಾ?"

"ಅವನ ಹೆಸರು ಹಲಗೆಯಲ್ಲಿ ಇರ್ಲೇಬೇಕು," ಎಂದರು ಕುಶಾಲಪ್ಪನವರು. "ಅವರದ್ದೆಲ್ಲ ಹೀಗೆಯೇ. ದೇಶ ಅಂದ್ರೆ ಹಿಂದಿನ ಬಾಗಿಲು."

ಮಾಸ್ಟ್ರು ಅವರ ಕಡೆ ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೊರಗೆ ಬಂದು ಅರ್ಧ ದಾರಿ ನಡೆದ ಮೇಲೆ, ಹೇಳಬೇಕಾಗಿದ್ದ ಮಾತುಗಳು ಒಂದರ ಹಿಂದೆ ಒಂದು ಬಂದವು. ಆ ಹೆಸರು ಹಲಗೆಯ ಮೇಲೆ ಬಂದರೆ ಜನ ಗಂಜಿಯ ವಿಷಯ ಓದುವುದಿಲ್ಲ, ಬರೀ ಹೆಸರನ್ನು ಓದುತ್ತಾರೆ. ಲೈಸೆನ್ಸು ಹೋದರೆ ಹೋಟೆಲು ಹೋಗುತ್ತದೆ. ಅದಕ್ಕಿಂತ ಮೊದಲೇ ಇನ್ನೊಂದು ಹೋಗಿರುತ್ತದೆ, ಈ ಊರಿನಲ್ಲಿ ತಲೆಯೆತ್ತಿ ನಡೆಯುವ ಅವನ ಧೈರ್ಯ.

ಆದರೆ ಸುಳ್ಳು ವರದಿ ಕೊಡುವುದೂ ನನ್ನಿಂದಾಗದು. ಒಲೆ ಉರಿಯುತ್ತಿತ್ತು. ನಾನು ನೋಡಿದ್ದೆ.

ಶುಕ್ರವಾರ, ಶನಿವಾರ ಭಾಷಣವನ್ನು ಮೊದಲಿನಿಂದ ಬರೆದೆ. ಶಾಸ್ತ್ರಿಯವರ ಬಗ್ಗೆ ಬರೆದದ್ದನ್ನೆಲ್ಲ ಮತ್ತೆ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಸಾಲನ್ನು ಬರೆದವನು ನಾನೇ. ಆದರೂ ಬರೆಯುವಾಗ ಅದರ ತೂಕ ನನಗೆ ಗೊತ್ತಾಗಿರಲಿಲ್ಲ.

*

ಆದಿತ್ಯವಾರ ಶಾಲೆಯ ಅಂಗಳದಲ್ಲಿ ಇನ್ನೂರು ಜನ ಸೇರಿದ್ದರು. ಒಂದು ಬದಿ ಹೆಂಗಸರು. ಸಮದ್ ಬಂದಿರಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಓದಲು ತೊಡಗಿದೆ.

ನಕ್ಕದ್ದನ್ನು ಮೊದಲು ಹೇಳಿದೆ. "ಆ ದಿನ ನಕ್ಕವರಲ್ಲಿ ನಾನೊಬ್ಬ. ಈಗ ಆ ನಗೆಗೆ ನಾಚಿಕೆಯಾಗುತ್ತದೆ," ಎಂದು ಓದಿದಾಗ ಹಿಂದಿನ ಸಾಲಿನಲ್ಲಿ ಜತ್ತಪ್ಪ, "ನಾನೂ ಇದ್ದೆ ಮಾರಾಯ್ರೆ" ಎಂದು ಕೂಗಿದ. ಜನ ಸ್ವಲ್ಪ ಸಡಿಲವಾದರು. ನಾನೂ ಆದೆ.

ಆಮೇಲೆ ಓದಿದ್ದು ಹೀಗೆ:

"ಅವರು ಬಂದಾಗ ದೇಶ ತಂದೆ ತೀರಿಕೊಂಡ ಮನೆಯ ಹಾಗಿತ್ತು. ಅಂಥ ಮನೆಯಲ್ಲಿ ಎರಡನೆಯ ಮಗ ಏನು ಮಾಡಿದರೂ ಅಪ್ಪನ ಹಾಗಿಲ್ಲ ಎನ್ನುತ್ತಾರೆ. ಇವರು ಅಪ್ಪನ ಹಾಗೆ ಆಗಲು ಹೋಗಲಿಲ್ಲ. ತಾನು ಇದ್ದ ಹಾಗೆ ಇದ್ದರು. ಇದು ಸುಲಭವಲ್ಲ. ನಾನು ಬಸ್ಸಿನ ಏಜೆಂಟ್ ಆದಾಗ ನನಗಿಂತ ಮೊದಲಿದ್ದವರ ಸ್ವರದಲ್ಲೇ ಆರು ತಿಂಗಳು ಕೂಗಿದ್ದೆ.

"ಮೊದಲ ವರ್ಷ ಅಕ್ಕಿಗೆ ಸಾಲು ನಿಂತೆವು. ಈಗಲೂ ನಿಲ್ಲುತ್ತೇವೆ. ಅದನ್ನು ಅವರು ಸರಿಮಾಡಿದರು ಎಂದು ಹೇಳಲಾರೆ. ಭಾಷೆಯ ಗಲಾಟೆಯಲ್ಲಿ ಅವರು ರೇಡಿಯೋದಲ್ಲಿ ಮಾತಾಡಿ ಭರವಸೆ ಕೊಟ್ಟರು, ಆದರೆ ಅಷ್ಟರೊಳಗೆ ಮದರಾಸಿನ ಕಡೆ ಎಷ್ಟೋ ಜೀವಗಳು ಹೋಗಿದ್ದವು. ಆ ಮಾತು ಹದಿನೈದು ದಿನ ಮೊದಲೇ ಬರಬೇಕಿತ್ತೆಂದು ನನ್ನ ಸಣ್ಣ ಬುದ್ಧಿಗೆ ತೋರುತ್ತದೆ. ಮೆತ್ತಗಿನ ಮನುಷ್ಯರಲ್ಲಿ ಈ ಒಂದು ಕೊರತೆ ಇರುತ್ತದೆ, ನನಗೆ ಗೊತ್ತು. ಮಾತು ಮನೆಯ ದಾರಿಯಲ್ಲಿ ಹೊಳೆಯುತ್ತದೆ.

"ಆದರೆ ಈ ಸೆಪ್ಟೆಂಬರಿನಲ್ಲಿ ಅದೇ ಮೆತ್ತಗಿನ ಮನುಷ್ಯ ಗಟ್ಟಿಯಾಗಿ ನಿಂತರು. ಕೂಗಾಡಲಿಲ್ಲ. ಯುದ್ಧ ಗೆಲ್ಲಿಸಿದ್ದು ಸೈನಿಕರು ಎಂದರು, ಅನ್ನ ಕೊಡುವವರು ರೈತರು ಎಂದರು, ತನ್ನ ಹೆಸರು ಎಲ್ಲಿಯೂ ಹೇಳಲಿಲ್ಲ. ಯುದ್ಧ ನಿಲ್ಲಿಸುವ ಹೊತ್ತು ಬಂದಾಗ ನಿಲ್ಲಿಸಿದರು. ಅಧಿಕಾರದಲ್ಲಿ ಇದ್ದವರಿಗೆ ಇದು ಯುದ್ಧ ಸುರುಮಾಡುವುದಕ್ಕಿಂತ ಕಷ್ಟ ಎಂದು ನನ್ನ ಅನಿಸಿಕೆ.

"ಕೊನೆಗೆ ಅನ್ನದ ವಿಷಯ. ಅವರಿಗೆ ಕಾನೂನು ಮಾಡಬಹುದಿತ್ತು. ಮಾಡಲಿಲ್ಲ, ಕೇಳಿದರು. ಕೇಳುವ ಮೊದಲು ತನ್ನ ಮನೆಯಲ್ಲಿ, ಹೆಂಡತಿ ಮಕ್ಕಳು ಒಂದು ಹೊತ್ತು ಬಿಟ್ಟು ಇರಬಲ್ಲರೇ ಎಂದು ನೋಡಿದರಂತೆ. ಪತ್ರಿಕೆಯಲ್ಲಿ ಓದಿದ್ದು. ಈ ಒಂದೂವರೆ ವರ್ಷದಲ್ಲಿ ಅವರು ಮಾಡಿದ ಎಲ್ಲ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದು."

ಇಲ್ಲಿ ಚಪ್ಪಾಳೆ ಬಿತ್ತು. ನಿಲ್ಲಿಸಿ ಕೂತುಬಿಡಬಹುದಾಗಿತ್ತು. ಮಾಸ್ಟ್ರು ಕೂಡ, ಮುಗಿಯಿತೆಂದು, ವರದಿಯ ಕಾಗದಕ್ಕೆ ಕೈ ಚಾಚಿದರು.

"ಇನ್ನೂ ಉಂಟು ಮಾಸ್ಟ್ರೆ," ಎಂದೆ. ಪುಸ್ತಕ ಮುಚ್ಚಿದೆ. ಇದನ್ನು ಓದಿದರೆ ಆಗುವುದಿಲ್ಲವೆನಿಸಿತು.

"ಅವರು ಮೊದಲು ತನ್ನ ಮನೆ ನೋಡಿದ್ರು. ನಾನು ನೋಡ್ಲಿಲ್ಲ. ಇದು ನಮ್ಮ ಒಪ್ಪೊತ್ತೇ ಅಂತ ನಿಮಗೆಲ್ಲ ಹೇಳಿದವ ನಾನು. ನಮ್ಮ ಮನೆಯಲ್ಲಿ ಅನ್ನ ಮಾಡಿದ್ರೆ ಮೂರು ಪಾವು ಅಕ್ಕಿ ಹೋಗುದು. ಸೋಮವಾರ ದೋಸೆಗೆ ನಾಲ್ಕೂವರೆ. ಐದು ಸೋಮವಾರದಲ್ಲಿ ನಾನು ದೇಶಕ್ಕೆ ಏಳೂವರೆ ಪಾವು ನಷ್ಟ ಮಾಡಿದ್ದೇನೆ."

ಹೆಂಗಸರ ಬದಿಯಿಂದ ಒಂದು ಸ್ವರ ಬಂತು. ಮಾಸ್ಟ್ರ ಹೆಂಡತಿ ಪ್ರೇಮಾವತಿಯಮ್ಮ.

"ನಮ್ಮಲ್ಲಿ ದೋಸೆ ಅಲ್ಲ ಧರ್ಮಪಾಲ. ಅಕ್ಕಿಯ ಉಂಡೆ, ಪುಂಡಿ. ಇವರಿಗೆ ಎಂಟು ಬೇಕು."

ನಗೆ ಅಂಗಳದ ಆಚೆಗೂ ಹೋಯಿತು. ಮಾಸ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ನಗು ನಿಲ್ಲುವವರೆಗೆ ಕಾದೆ, ಇಲ್ಲದಿದ್ದರೆ ಮುಂದಿನದು ಅದರಲ್ಲೇ ಮುಳುಗಿಹೋಗುತ್ತಿತ್ತು.

"ಒಲೆ ಉರಿಸಿದ ಹೋಟೆಲಿನ ಹೆಸರು ಓದ್ಬೇಕು ಅಂತ ತೀರ್ಮಾನ ಆಗಿದೆ. ಸಮದ್‌ನ ಹೋಟೆಲು. ನಾನೇ ನೋಡಿದ್ದು. ಗಂಜಿ ಉಣ್ತಾ ಇದ್ದದ್ದು ಸಂತೆಗೆ ಹೊರೆ ಹೊತ್ತು ಬಂದವರು. ಅವರಿಗೆ ದಿನದಲ್ಲಿ ಇರುದು ಅದೊಂದೇ ಊಟ. ಅವರ ಪಾಲಿನದ್ದನ್ನು ಸಮದ್ ಮಂಗಳವಾರ ಒಲೆ ಹೊತ್ತಿಸದೆ ಉಳಿಸ್ತಾನೆ. ಹಲಗೆಗೆ ಹೆಸರು ಹಾಕುದಾದ್ರೆ ಮೊದಲು ದೋಸೆ ತಿಂದ ನನ್ನದು ಹಾಕಿ. ಆಮೇಲೆ ಅವನದ್ದು. ಅವ ನನ್ನ ಸ್ನೇಹಿತ, ಅದನ್ನೂ ಹೇಳ್ಬೇಕಿತ್ತು, ಮೊದಲೇ ಹೇಳ್ಲಿಲ್ಲ, ತಪ್ಪಾಯ್ತು."

ಕುಶಾಲಪ್ಪನವರು ಎದ್ದು ನಿಂತರು. "ಇದು ಭಾಷಣವಾ, ವಕಾಲತ್ತಾ? ಪ್ರಧಾನಿ ಹೇಳಿದ್ದು ಸೋಮವಾರ. ಅವನಿಗೆ ಬೇಕಾದ ವಾರಕ್ಕೆ ತಿರುಗಿಸ್ಲಿಕ್ಕೆ ಅವ ಯಾರು?"

"ಪುತ್ತೂರಿಗೆ ಸೋಮವಾರ ಸಂತೆ ಅಂತ ದಿಲ್ಲಿಗೆ ಹೇಗೆ ಗೊತ್ತಾಗ್ಬೇಕು?" ಎಂದೆ. "ನಮಗೆ ಗೊತ್ತುಂಟು."

ಈ ಮಾತು ಹೊತ್ತಿಗೆ ಸರಿಯಾಗಿ ಬಂದದ್ದು ನನಗೇ ಆಶ್ಚರ್ಯ. ಕುಶಾಲಪ್ಪನವರು ಮಾಸ್ಟ್ರ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಮಾಸ್ಟ್ರು ಕನ್ನಡಕ ಹಾಕಿಕೊಂಡು, ವರದಿಯನ್ನು ಮಡಚಿ ಜೇಬಿಗೆ ಹಾಕಿದರು.

"ವರದಿ ಇವತ್ತು ಇಲ್ಲ. ನಾಳೆ ನಾನೇ ಹೋಗಿ ನೋಡಿ ಬರ್ತೇನೆ. ಮೊದಲೇ ಹೋಗ್ಬೇಕಿತ್ತು."

*

ಅಲ್ಲಿಂದ ನೇರ ಸಮದ್‌ನಲ್ಲಿಗೆ ಹೋದೆ. ಸುದ್ದಿ ನನಗಿಂತ ಮೊದಲು ತಲುಪಿತ್ತು.

"ಇನ್ನೂರು ಜನರ ಎದುರು ನನ್ನ ಹೆಸರು ಹೇಳಿದ್ಯಾ?"

"ಹೇಳಿದೆ."

"ಹೇಳುವ ಮೊದಲು ನನ್ನನ್ನು ಕೇಳ್ಬಹುದಿತ್ತು."

ಅದು ನನಗೆ ಹೊಳೆದೇ ಇರಲಿಲ್ಲ. ಕಾನೂನು ಮಾಡದೆ ಕೇಳಿದವರ ಗುಣ ಹೊಗಳಿ ಅರ್ಧ ಗಂಟೆ ಮಾತಾಡಿದವನು ನಾನು. ಹಾಗೆಂದು ಅವನಿಗೆ ಹೇಳಿದೆ. ಅವನು ಚಾ ತಂದಿಟ್ಟ, ಗ್ಲಾಸು ಮೇಜಿಗೆ ಸ್ವಲ್ಪ ಜೋರಾಗಿಯೇ ತಾಗಿತು.

ಮರುದಿನ ಸಂಜೆ ಮಾಸ್ಟ್ರು ನನ್ನ ಜೊತೆ ಓಣಿಯಿಂದ ಹಿಂದೆ ಬಂದರು. ಬಿಳಿ ಪಂಚೆ, ಕೊಡೆ. ಉಣ್ಣಲು ಕೂತವರೆಲ್ಲ ಎದ್ದು ನಿಲ್ಲಲು ಹೊರಟರು. ಅವರು ಕೈಯಿಂದಲೇ ಕೂರಿಸಿದರು. ಗಂಜಿ ಇನ್ನೂ ಬಡಿಸಿರಲಿಲ್ಲ. ತಿಮ್ಮಕ್ಕನ ಪಕ್ಕ ಜಗಲಿಯ ಅಂಚಿನಲ್ಲಿ ಕೂತು ಕೇಳಿದರು.

"ನೀವು ಇದಕ್ಕಿಂತ ಮೊದಲು ಊಟ ಮಾಡಿದ್ದು ಯಾವಾಗ?"

"ನಿನ್ನೆ ರಾತ್ರಿ. ಯಾಕೆ ಮಾಸ್ಟ್ರೆ, ಪರೀಕ್ಷೆಯಾ?"

"ಹೌದು. ನನಗೆ."

ಇನ್ನೂ ನಾಲ್ಕು ಜನರನ್ನು ಕೇಳಿದರು. ಪಾತ್ರೆಯೊಳಗೆ ಇಣುಕಿದರು. ಮಂಗಳವಾರದ ವಿಷಯ ಸಮದ್‌ನನ್ನು ಕೇಳಲಿಲ್ಲ, ನೆರೆಯ ಅಂಗಡಿಯ ಹೈದರ್‌ನನ್ನು ಕರೆಸಿ ಕೇಳಿದರು. ಸಮದ್‌ನ ದವಡೆ ಬಿಗಿಯಿತು. ಮಂಗಳವಾರ ಸಂಜೆ ಒಂದು ಚಾ ಕೂಡ ಹುಟ್ಟುವುದಿಲ್ಲ, ತಾನು ಕಬಕದವರೆಗೆ ಹೋಗಿ ಕುಡಿಯಬೇಕಾಗುತ್ತದೆ ಎಂದು ಹೈದರ್ ದೂರಿಕೊಂಡ. ಮಾಸ್ಟ್ರು ತಲೆಯಾಡಿಸಿದರು.

ಕುಂಞಿಪಾತುಮ್ಮ ಒಳಗಿನಿಂದ, ಮಾಸ್ಟ್ರಿಗೂ ಒಂದು ಬಟ್ಟಲು ಹಾಕು ಎಂದರು.

"ಬೇಡ ತಾಯಿ. ನನಗೆ ಮನೆಯಲ್ಲಿ ಮಧ್ಯಾಹ್ನ ಊಟ ಆಗಿದೆ. ಇವತ್ತು ಪುಂಡಿಯೂ ಇಲ್ಲ ಅಂತ ಹೇಳಿಯೇ ಬಂದದ್ದು."

ಆಮೇಲೆ ಜೇಬಿನಿಂದ ವರದಿ ತೆಗೆದು ತೊಡೆಯ ಮೇಲೆ ಬಿಡಿಸಿ, ಸಮದ್‌ನ ಹೆಸರಿದ್ದ ಸಾಲಿನ ಕೆಳಗೆ, ನಮಗೆ ಕಾಪಿ ಬರೆಸುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಬರೆದರು: ಸಂತೆಯ ಹೋಟೆಲು. ಇದರ ದಿನ ಮಂಗಳವಾರ. ಸಮಿತಿಯ ಒಪ್ಪಿಗೆ ಇದೆ. ಲೈಸೆನ್ಸಿನ ಸಾಲನ್ನು ಹೊಡೆದುಹಾಕಿದರು. ಅದರ ಕೆಳಗೆ, ದೋಸೆ, ಪುಂಡಿ ಇತ್ಯಾದಿಗಳ ವಿಷಯದಲ್ಲಿ ಕಾರ್ಯದರ್ಶಿಯವರು ಮನೆಮನೆಗೆ ಹೋಗಿ ತಿಳಿಸತಕ್ಕದ್ದು ಎಂದು ಸೇರಿಸಿದರು.

"ಕುಶಾಲಪ್ಪನವರು ಒಪ್ಪಲಿಕ್ಕಿಲ್ಲ ಮಾಸ್ಟ್ರೆ," ಎಂದೆ.

"ಒಪ್ಪಲಿಕ್ಕಿಲ್ಲ. ಗುರುವಾರ ಅವರು ನಮ್ಮ ಜಗಲಿಯಲ್ಲಿ ಒಂದು ಮಾತು ಹೇಳಿದ್ರಲ್ಲ, ಆಗಲೇ ನಾನು ಬಾಯಿ ಬಿಡ್ಬೇಕಿತ್ತು. ನಾಳೆ ಅವರ ಅಂಗಡಿಗೆ ಹೋಗ್ತೇನೆ. ನೀನು ಬರ್ಬೇಡ, ಇದು ನನ್ನದು."

ಸಮದ್ ಅವರ ಹೆಗಲ ಹಿಂದೆ ನಿಂತು ಕಾಗದವನ್ನು ನಿಧಾನವಾಗಿ ಓದಿದ. ಎರಡು ಸಲ ಓದಿದನೆಂದು ಕಾಣುತ್ತದೆ. ನನ್ನ ಕಡೆ ನೋಡಿ ಏನೋ ಹೇಳಲು ಹೊರಟ.

"ಬರೆದು ಆಯ್ತಾ?" ಎಂದರು ತಿಮ್ಮಕ್ಕ. "ಆಗಿದ್ರೆ ಆ ಗಂಜಿ ಇತ್ತ ಬಡಿಸಿ ಮಾರಾಯ್ರೆ. ನೀವು ಬರೆದಷ್ಟಕ್ಕೆ ಕೆದಂಬಾಡಿ ಹತ್ತಿರ ಬರುದಿಲ್ಲ."

ಸಮದ್ ಸೌಟು ಎತ್ತಿಕೊಂಡ.